ಗುಜರಿಗೆ ಬಿದ್ದ ಎಂಜಿನ್, ಬೆಂಗಳೂರಿನ ಕೈ

ಭಾಗ 1/8 | ಮೊದಲು ಸ್ಪೆಕ್ಸ್

ರೀಲ್ಸ್‌ನಾಗ ಸೂಪರ್‌ಕಾರ್ ಬಂದ ಕೂಡ್ಲೆ “ಎಷ್ಟು ಎಚ್‌ಪಿ?” ಅಂತ ಕೇಳೋ ದೋಸ್ತರೆಲ್ಲ ಇಲ್ಲಿ ಬರ್ರಿ. ಎಂಟು ಪೋಸ್ಟಿನ ಸರಣಿ ಇದು, ಒಂದು ಹಳೇ ಸೂಪರ್‌ಚಾರ್ಜ್ಡ್ ಎಂಜಿನ್ ಕಥಿ. ಮೊದಲು ಅದರ ಲೆಕ್ಕ ನೋಡ್ರಿ:

ಹೆಸರು: ಪ್ರ್ಯಾಟ್ ಅಂಡ್ ವಿಟ್ನಿ ಆರ್-1830 ಟ್ವಿನ್ ವಾಸ್ಪ್
ಸಾಮರ್ಥ್ಯ: 30 ಲೀಟರ್ (1.2 ಲೀಟರ್‌ನ ಸ್ವಿಫ್ಟ್ ಎಂಜಿನ್ 25 ಸೇರಿದಷ್ಟು)
ಸಿಲಿಂಡರ್: 14, ಎರಡು ಸಾಲಿನಾಗ ಚಕ್ರದ ಕಡ್ಡಿ ಹಂಗ ಸುತ್ತಲೂ ಜೋಡಿಸಿದ್ದು
ಸ್ಪಾರ್ಕ್ ಪ್ಲಗ್: 28
ತಾಕತ್ತು: 1,200 ಎಚ್‌ಪಿ, ನಿಮಿಷಕ್ಕೆ 2,700 ಸುತ್ತಿನಲ್ಲಿ
ತಂಪು ಮಾಡೋದು: ಬರೀ ಗಾಳಿ. ರೇಡಿಯೇಟರ್ ಇಲ್ಲ, ನೀರಿಲ್ಲ.

ಹೌದು, ಇದು ವಿಮಾನದ ಎಂಜಿನ್. “ಕಾರಿನ ಪೇಜ್‌ನಾಗ ವಿಮಾನ ಯಾಕಪಾ?” ಅನ್ನಬ್ಯಾಡ್ರಿ. ಎರಡನೇ ಮಹಾಯುದ್ಧದಲ್ಲಿ ಈ ಎಂಜಿನ್ ಎಷ್ಟು ಬೇಕಾಯ್ತು ಅಂದ್ರ, ಒಂದೇ ಕಂಪನಿ ಕೈಯಾಗ ಪೂರೈಸೋಕ ಆಗಲಿಲ್ಲ. ಅಮೆರಿಕದ ಕಾರ್ ಕಂಪನಿಗಳಾದ ಬ್ಯೂಕ್ ಮತ್ತು ಶೆವರ್ಲೆ ಇವನ್ನು ತಯಾರಿಸಿದವು. ಒಟ್ಟು 1,70,000ಕ್ಕೂ ಹೆಚ್ಚು ಟ್ವಿನ್ ವಾಸ್ಪ್ ತಯಾರಾದವು. ಅದರಲ್ಲಿ ದೊಡ್ಡ ಪಾಲು ಈ ಎರಡು ಕಾರ್ ಕಂಪನಿಗಳದ್ದು.

ಇಂಥ ಎಂಜಿನ್‌ಗಳು ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದವು. ಬೆಂಗಳೂರಿನ ಮಂದಿ ಅವಕ್ಕೆ ಮತ್ತೆ ಜೀವ ಕೊಟ್ಟರು. ನಮ್ಮ ವಾಯುಪಡೆ ಅವನ್ನು 1968ರ ತನಕ ಹಾರಿಸಿತು.

ಸ್ಪೆಕ್ಸ್ ಶೀಟ್‌ನಾಗ ಎಚ್‌ಪಿ ಬರೀತಾರ. ಬಾಳಿಕೆ ಎಲ್ಲಿಂದ ಬರ್ತೈತಿ ಅಂತ ಬರಿಯಂಗಿಲ್ಲ. ಈ ಸರಣಿ ಅದರ ಬಗ್ಗೆ.

ಭಾಗ 2/8 | ಎಂಜಿನ್ನಿಗೆ ತಿದಿ

ಸೂಪರ್‌ಚಾರ್ಜರ್ ಅಂದ್ರ ಏನು? ಕಮ್ಮಾರನ ಕುಲುಮಿ ನೆನೆಸಿಕೊಳ್ರಿ. ತಿದಿ ಒತ್ತಿದ್ರ ಬೆಂಕಿ ಭಗ್ ಅಂತ ಏಳ್ತೈತಿ, ಗಾಳಿ ಹೆಚ್ಚು ಸಿಕ್ಕಷ್ಟೂ ಇದ್ದಿಲು ಜೋರಾಗಿ ಉರೀತೈತಿ. ಎಂಜಿನ್ನೂ ಹಂಗ. ಪೆಟ್ರೋಲ್ ಎಷ್ಟು ಬೇಕಾದ್ರೂ ಸುರಿಬಹುದು, ಆದ್ರ ಅದು ಸುಡೋಕ ಗಾಳಿ ಬೇಕು. ಸಿಲಿಂಡರ್ ತಾನಾಗೇ ಎಳಕೊಳ್ಳೋದಕ್ಕಿಂತ ಹೆಚ್ಚು ಗಾಳಿಯನ್ನು ಒತ್ತಿ ತುಂಬೋ ತಿದಿಯೇ ಸೂಪರ್‌ಚಾರ್ಜರ್.

ಈ ತಿದಿಯನ್ನು ಎಂಜಿನ್ನಿನ ಶಾಫ್ಟ್‌ನಿಂದಲೇ ಗೇರ್ ಅಥವಾ ಬೆಲ್ಟ್ ಹಾಕಿ ತಿರುಗಿಸಿದ್ರ ಅದು ಸೂಪರ್‌ಚಾರ್ಜರ್. ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆಯಿಂದ ತಿರುಗಿಸಿದ್ರ ಟರ್ಬೋ. ನಮ್ಮೂರ ಹೈವೇದಾಗ ಲೋಡ್ ಲಾರಿ ಪಿಕಪ್ ತಗೊಳ್ಳುವಾಗ ಸಣ್ಣಗೆ ಶಿಳ್ಳಿ ಹೊಡದಂಗ ಕೇಳಿಸ್ತೈತಲ್ಲ, ಅದು ಟರ್ಬೋ ತಿರುಗೋ ಸದ್ದು.

ವಿಮಾನಕ್ಕೆ ಇದು ಯಾಕೆ ಬೇಕು? ಎತ್ತರಕ್ಕೆ ಹೋದಂಗೆಲ್ಲ ಗಾಳಿ ತೆಳ್ಳಗಾಗ್ತೈತಿ. ಕಾರವಾರದ ಸಮುದ್ರ ದಂಡಿಗೆ ಹೋಲಿಸಿದ್ರ ಬೆಂಗಳೂರಿನಲ್ಲೇ ಗಾಳಿಯ ಒತ್ತಡ ಸುಮಾರು 10% ಕಡಿಮೆ. 18,000 ಅಡಿ ಮ್ಯಾಲೆ ಹೋದ್ರ ಅರ್ಧಕ್ಕರ್ಧ. ಅಂದ್ರ ನೆಲದ ಮ್ಯಾಲೆ 1,200 ಎಚ್‌ಪಿ ಕೊಡೋ ಎಂಜಿನ್ನಿಗೆ ಅಲ್ಲಿ ತಿದಿ ಇಲ್ಲಾಂದ್ರ 600 ಕೊಡೋದೂ ಕಷ್ಟ.

ನಮ್ಮ ಕಥೆಯ ವಿಮಾನ ಬಿ-24 ಲಿಬರೇಟರ್. ಅದರ ಪ್ರತಿ ಎಂಜಿನ್ನಿಗೆ ಎರಡೆರಡು ತಿದಿ. ಒಳಗೆ ಗೇರಿನಿಂದ ತಿರುಗೋದು ಒಂದು, ಶಾಫ್ಟ್‌ಗಿಂತ ಸುಮಾರು ಏಳು ಪಟ್ಟು ವೇಗ. ಹೊರಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟರ್ಬೋ ಇನ್ನೊಂದು, ಅದು ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗೋದು.

ಪುಕ್ಕಟೆ ಏನೂ ಸಿಗಂಗಿಲ್ಲ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿ ಆಗ್ತೈತಲ್ಲ? ಒತ್ತಿದ ಗಾಳಿ ಕಾಯ್ತೈತಿ. ಕಾದ ಗಾಳಿ ಸಿಲಿಂಡರಿಗೆ ಹೋದ್ರ ಪೆಟ್ರೋಲ್ ಅಡ್ಡಾದಿಡ್ಡಿ ಹೊತ್ತಿ ಪಿಸ್ಟನ್ನಿಗೆ ಸುತ್ತಿಗೆ ಏಟು ಬಿದ್ದಂಗ ಬೀಳ್ತೈತಿ. ಅದಕ್ಕೇ ಗಾಳಿ ತಂಪು ಮಾಡೋ ಇಂಟರ್‌ಕೂಲರ್ ಬೇಕು, 100 ಆಕ್ಟೇನ್ ಪೆಟ್ರೋಲ್ ಬೇಕು. ಟರ್ಬೋ ಮಿತಿ ಮೀರಿ ತಿರುಗದಂಗ ಹಿಡಿಯೋಕ ರೆಗ್ಯುಲೇಟರ್ ಬೇಕು.

ತಾಕತ್ತು ಕೊಡೋ ಪ್ರತಿ ಭಾಗವೂ ಕೆಡಬಹುದಾದ ಇನ್ನೊಂದು ಭಾಗ. ಇದನ್ನು ನೆನಪಿಡ್ರಿ.

ಭಾಗ 3/8 | ಬ್ಲೋವರ್ ಬೆಂಟ್ಲಿ ಹೇಳಿದ ಪಾಠ

ವಿಮಾನಕ್ಕೆ ಹೋಗೋ ಮೊದಲು ಒಂದು ಕಾರ್ ನೋಡೋಣ, ಯಾಕಂದ್ರ ತಿದಿ ಹಾಕಿದ್ರ ಏನಾಗ್ತೈತಿ ಅನ್ನೋದಕ್ಕ ಇದು ಕ್ಲಾಸಿಕ್ ಉದಾಹರಣೆ.

ಇಂಗ್ಲೆಂಡಿನ ಬೆಂಟ್ಲಿ 4½ ಲೀಟರ್ ಕಾರಿನ ಎಂಜಿನ್ 4,398 ಸಿಸಿ, ನಾಲ್ಕು ಸಿಲಿಂಡರ್, 110 ಎಚ್‌ಪಿ. ರೇಸರ್ ಟಿಮ್ ಬರ್ಕಿನ್‌ಗೆ ಅದು ಸಾಲಲಿಲ್ಲ. ಅಮ್ಹರ್ಸ್ಟ್ ವಿಲಿಯರ್ಸ್ ಅನ್ನೋ ಎಂಜಿನಿಯರ್ ರೂಪಿಸಿದ ಸೂಪರ್‌ಚಾರ್ಜರನ್ನು ರೇಡಿಯೇಟರ್ ಮುಂದೆಯೇ ಕೂಡಿಸಿದರು. ರೋಡಿನ ಮಾಡೆಲ್ 175 ಎಚ್‌ಪಿ ಆಯ್ತು, ರೇಸಿನದ್ದು 240. ದುಡ್ಡು ಹಾಕಿದವಳು ಡೊರೊಥಿ ಪ್ಯಾಜೆಟ್ ಅನ್ನೋ ಶ್ರೀಮಂತ ಹೆಣ್ಣುಮಗಳು. ಕಂಪನಿ ಕಟ್ಟಿದ ಡಬ್ಲ್ಯೂ. ಓ. ಬೆಂಟ್ಲಿಗೆ ಮಾತ್ರ ಇದು ಸುತಾರಾಂ ಇಷ್ಟ ಇರಲಿಲ್ಲ. ತಾಕತ್ತು ಬೇಕಂದ್ರ ದೊಡ್ಡ ಎಂಜಿನ್ ಮಾಡಬೇಕು, ಸಣ್ಣದಕ್ಕ ಗಾಳಿ ಒತ್ತಬಾರದು ಅನ್ನೋದು ಆತನ ವಾದ.

1930ರ ಲೆ ಮಾನ್ಸ್ 24 ಗಂಟೆ ರೇಸ್. ಬರ್ಕಿನ್ನನ ಬ್ಲೋವರ್ ಆರಂಭದಲ್ಲಿ ಸೂಪರ್‌ಚಾರ್ಜ್ಡ್ ಮರ್ಸಿಡಿಸ್ಸನ್ನು ಬೆನ್ನಟ್ಟಿ ದಾಟಿತು. ಮಂದಿ ಇವತ್ತಿಗೂ ಆ ದೃಶ್ಯದ ಚಿತ್ರ ಬರೀತಾರ. ಕೊನೆಗೆ? ಮರ್ಸಿಡಿಸ್ ಕೆಟ್ಟು ನಿಂತಿತು. ಬ್ಲೋವರ್‌ಗಳೂ ಕೆಟ್ಟು ನಿಂತವು. ಗೆದ್ದದ್ದು ತಿದಿ ಇಲ್ಲದ, ದೊಡ್ಡ ಎಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಎರಡನೇ ಸ್ಥಾನವೂ ಅದರದ್ದೇ.

ಈಗ ಕ್ಯಾಲ್ಕುಲೇಟರ್ ತಗೀರಿ. ಒಂದು ಲೀಟರಿಗೆ ಎಷ್ಟು ಎಚ್‌ಪಿ?

ತಿದಿ ಇಲ್ಲದ ಬೆಂಟ್ಲಿ: 25
ರೋಡಿನ ಬ್ಲೋವರ್: 40
ಲೆ ಮಾನ್ಸ್‌ನಲ್ಲಿ ಕೆಟ್ಟ ಬ್ಲೋವರ್: ಸುಮಾರು 55
ಟ್ವಿನ್ ವಾಸ್ಪ್: 40

ಟ್ವಿನ್ ವಾಸ್ಪ್ ಮಾಡಿದವರು ಅದನ್ನು ಹಿಂಡಿ ಹಿಪ್ಪಿ ಮಾಡಲಿಲ್ಲ. 30 ಲೀಟರಿನಿಂದ ಎಷ್ಟು ಬೇಕೋ ಅಷ್ಟೇ ತಗೊಂಡರು. ಬಾಳಿಕೆಯ ಮೊದಲ ಗುಟ್ಟು ಇದು, ಮತ್ತ ಇದು ಡಿಸೈನ್ ಮಾಡಿದವರ ಕೈಯಾಗ ಇತ್ತು. ಎರಡನೇ ಗುಟ್ಟು ಇದ್ದದ್ದು ಬೆಂಗಳೂರಿನಲ್ಲಿ.

ಭಾಗ 4/8 | ಕೈ ಪಳಗಿದ್ದು ಎಲ್ಲಿ?

1940ರ ಡಿಸೆಂಬರ್ 23. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಶುರು ಮಾಡಿದರು. ನಾವು ಈಗ ಎಚ್‌ಎಎಲ್ ಅಂತೀವಲ್ಲ, ಅದರ ಹುಟ್ಟು ಇದು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. 1941ರಲ್ಲಿ ಭಾರತ ಸರ್ಕಾರವೂ ಷೇರು ತಗೊಂಡಿತು. 1942ರಲ್ಲಿ ಯುದ್ಧ ಬರ್ಮಾ ತನಕ ಬಂದಾಗ ಕಾರ್ಖಾನೆಯ ಆಡಳಿತವನ್ನೇ ಸರ್ಕಾರ ವಹಿಸಿಕೊಂಡಿತು.

(ಅದೇ 1941ರಲ್ಲಿ ನಮ್ಮ ಹತ್ತಿರದ ಹರಿಹರದಾಗ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಶುರುವಾಯ್ತು. ಯಂತ್ರದ ಕೆಲಸ ಈ ಭಾಗಕ್ಕೆ ಹೊಸದಲ್ಲ.)

1943 ಅಂದ್ರ ನಮ್ಮೂರಿಗೆ ಒಂದೇ ನೆನಪು. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ವರ್ಷ ಅದು. ಆಗ ನಾವು ಮುಂಬೈ ಪ್ರಾಂತದಾಗ ಇದ್ವಿ, ಬೆಂಗಳೂರು ಮೈಸೂರು ಸಂಸ್ಥಾನದಾಗ. ಇಲ್ಲಿ ಬ್ರಿಟಿಷರನ್ನು ಓಡಿಸೋಕ ಪ್ರಾಣ ಕೊಡ್ತಿದ್ದ ಅದೇ ವರ್ಷ, ಅಲ್ಲಿ ಅವರ ಪಕ್ಷದ ಯುದ್ಧಕ್ಕೆ ವಿಮಾನ ರಿಪೇರಿ ಜೋರಾಗಿ ನಡೆದಿತ್ತು. ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಹೋಯ್ತು.

ಅಲ್ಲಿಗೆ ರಿಪೇರಿಗೆ ಬರ್ತಿದ್ದ ವಿಮಾನಗಳಲ್ಲಿ ಎರಡನ್ನು ನೋಡ್ರಿ. ಒಂದು ಡಕೋಟಾ, ಸಾಮಾನು ಸಾಗಿಸೋದು. ಇನ್ನೊಂದು ಕ್ಯಾಟಲಿನಾ, ನೀರಿನ ಮ್ಯಾಲೆ ಇಳಿಯೋ ವಿಮಾನ. ಅದು ಇಳೀತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಈಗ ನೊರೆ ಎದ್ದು ಸುದ್ದಿಯಾಗೋ ಅದೇ ಬೆಳ್ಳಂದೂರು ಕೆರೆ!

ಈ ಎರಡೂ ವಿಮಾನಗಳ ಎಂಜಿನ್ ಯಾವುದು? ಟ್ವಿನ್ ವಾಸ್ಪ್.

ಅಂದ್ರ ಯುದ್ಧ ಮುಗಿಯೋ ಹೊತ್ತಿಗೆ ಬೆಂಗಳೂರಿನ ಫಿಟ್ಟರ್‌ಗಳು ಈ ಎಂಜಿನ್ನನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕೈ ಪಳಗಿಸಿಕೊಂಡಿದ್ದರು. ಯಾರೂ ಆಗ ಇದನ್ನು “ಆಸ್ತಿ” ಅಂತ ಬರೆದುಕೊಳ್ಳಲಿಲ್ಲ.

ಭಾಗ 5/8 | ಕಾನ್ಪುರದ ಗುಜರಿ

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಹತ್ತಿರ ಭಾರತದಲ್ಲಿ ಸಾಕಷ್ಟು ಲಿಬರೇಟರ್ ಬಾಂಬರ್‌ಗಳಿದ್ದವು. ಅಮೆರಿಕ ಅವನ್ನು ಮಾರಿರಲಿಲ್ಲ, ‘ಲೆಂಡ್-ಲೀಸ್’ ಅನ್ನೋ ಒಪ್ಪಂದದಲ್ಲಿ ಬಳಸೋಕ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲಾ ಕೆಲಸಕ್ಕೆ ಬಾರದಂಗ ಮಾಡಬೇಕು. ಅಷ್ಟು ದೂರ ವಾಪಸ್ ಒಯ್ಯೋರು ಯಾರು? ಕಾನ್ಪುರದ ಚಕೇರಿ ಏರ್‌ಫೀಲ್ಡ್‌ನಲ್ಲಿ ಸಾಲಾಗಿ ನಿಲ್ಲಿಸಿ ಕೆಡಿಸಿದರು. ಮೀಟರ್‌ಗಳನ್ನು ಒಡೆದರು, ಮೈಗೆ ತೂತು ಮಾಡಿದರು. ಎಂಜಿನ್ನಿಗೆ ಮರಳು ಸುರಿದರು ಅಂತಲೂ ಹೇಳ್ತಾರ.

ಎಂಜಿನ್ ಬಗ್ಗೆ ಸ್ವಲ್ಪ ಗೊತ್ತಿದ್ದೋರಿಗೆ ಮರಳು ಅಂದ್ರ ಏನು ಅಂತ ಹೇಳೋದು ಬ್ಯಾಡ. ಬೇರಿಂಗ್, ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎಲ್ಲದಕ್ಕೂ ಉಜ್ಜುಕಾಗದ ತಿಕ್ಕಿದಂಗ.

1948ಕ್ಕೆ ಬರ್ರಿ. ಕಾಶ್ಮೀರದಲ್ಲಿ ಯುದ್ಧ. ನಮ್ಮ ವಾಯುಪಡೆಗೆ ಸರಿಯಾದ ಭಾರಿ ಬಾಂಬರ್ ಒಂದೂ ಇರಲಿಲ್ಲ. ಸಾಮಾನು ಸಾಗಿಸೋ ಡಕೋಟಾದ ಬಾಗಿಲಿನಿಂದಲೇ ಬಾಂಬ್ ಉರುಳಿಸೋ ಪರಿಸ್ಥಿತಿ. ಅದೇ ಡಕೋಟಾದಲ್ಲಿ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಹಿಮಾಲಯ ದಾಟಿ ಲೇಹ್‌ನಲ್ಲಿ ಇಳಿದರು. ವಿಮಾನದೊಳಗೆ ಇದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಆ ತೆಳ್ಳಗಿನ ಗಾಳಿಯಲ್ಲಿ ಅವರನ್ನು ದಾಟಿಸಿದ್ದೂ ಟ್ವಿನ್ ವಾಸ್ಪ್ ಮತ್ತು ಅದರೊಳಗಿನ ತಿದಿ.

ಹೊಸ ಬಾಂಬರ್ ಕೊಳ್ಳೋಕ ದುಡ್ಡು, ಸಮಯ ಎರಡೂ ಇರಲಿಲ್ಲ. ಆಗ ಕಾನ್ಪುರದ ಗುಜರಿಯನ್ನು ನೋಡೋಕ ಬೆಂಗಳೂರಿಗೆ ಕರೆ ಹೋಯ್ತು. ಎಚ್‌ಎಎಲ್ ತಂಡ ಅಲ್ಲಿಗೆ ಹೋಗಿ, ಇದ್ದುದರಲ್ಲಿ ಗಟ್ಟಿ ಇದ್ದವನ್ನು ಆರಿಸಿ, ಒಂದರ ಒಳ್ಳೇ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಒಂದು ಸಲ ಹಾರೋವಷ್ಟು ತಯಾರು ಮಾಡಿತು.

ಹಾರಿಸಿದ್ದು ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ. ನಲವತ್ತರ ಆಸುಪಾಸಿನಷ್ಟು ಲಿಬರೇಟರ್‌ಗಳು ಹೀಗೆ ಒಂದೊಂದಾಗಿ ಬೆಂಗಳೂರಿಗೆ ಬಂದು ಇಳಿದವು. ಅರೆಬರೆ ರಿಪೇರಿಯಾದ ನಾಲ್ಕು ಎಂಜಿನ್ ನಂಬಿಕೊಂಡು ಅರ್ಧ ದೇಶ ದಾಟೋದು ಅಂದ್ರ ಸುಮ್ನೆ ಮಾತಲ್ಲ.

ಭಾಗ 6/8 | ಬಿಚ್ಚಿ ಕಟ್ಟೋದು

ಬೆಂಗಳೂರಿಗೆ ಬಂದ ಮೇಲೆ ಅಸಲಿ ಕೆಲಸ ಶುರು. ಲೆಕ್ಕ ಹಾಕ್ರಿ.

ವಿಮಾನ: 40 ಅಂತ ಇಟ್ಕೊಳ್ರಿ
ಎಂಜಿನ್: 160
ಟರ್ಬೋ: 160
ಸಿಲಿಂಡರ್: 2,240
ಸ್ಪಾರ್ಕ್ ಪ್ಲಗ್: 4,480

ವಿಮಾನದ ಎಂಜಿನ್ ಓವರ್‌ಹಾಲ್ ಅಂದ್ರ ಆಯಿಲ್ ಬದಲಿಸಿ, ಪ್ಲಗ್ ಒರೆಸಿ ಕಳಿಸೋದಲ್ಲ. ಎಂಜಿನ್ ಇಳಿಸಿ, ಕೊನೇ ಬೋಲ್ಟ್ ತನಕ ಬಿಚ್ಚಬೇಕು. ಪ್ರತಿ ತುಂಡನ್ನು ತೊಳಿಬೇಕು. ಕಣ್ಣಿಗೆ ಕಾಣದ ಬಿರುಕು ಐತೇನು ಅಂತ ಹುಡುಕಬೇಕು. ಸವೆದಿದ್ದು ಎಷ್ಟು ಅಂತ ಮೈಕ್ರೋಮೀಟರ್ ಹಿಡಿದು ಅಳಿಬೇಕು. ಮಿತಿ ದಾಟಿದ್ದನ್ನು ತೆಗೆದು ಹಾಕಬೇಕು. ಮತ್ತೆ ಕಟ್ಟುವಾಗ ಪ್ರತಿ ಬೋಲ್ಟನ್ನು ಹೇಳಿದಷ್ಟೇ ಬಿಗೀಬೇಕು, ಹೆಚ್ಚೂ ಇಲ್ಲ ಕಡಿಮೀನೂ ಇಲ್ಲ. ಆಮೇಲೆ ವಿಮಾನಕ್ಕೆ ಏರಿಸೋ ಮೊದಲು ಟೆಸ್ಟ್ ಸ್ಟ್ಯಾಂಡ್ ಮ್ಯಾಲೆ ಕೂಡಿಸಿ ಓಡಿಸಿ ನೋಡಬೇಕು.

ತಿದಿ ಇರೋದರಿಂದ ಕೆಲಸ ಇನ್ನೂ ನಾಜೂಕು. 20,000 ಸುತ್ತು ತಿರುಗೋ ಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರ ಹೆಚ್ಚಾದ್ರೂ ನಡುಗಿ ಬೇರಿಂಗ್ ತಿಂತೈತಿ. ಗಾಳಿ ಪೈಪಿನ ಜೋಡಣೆ ಸಡಿಲ ಆದ್ರ ಒತ್ತಿದ ಗಾಳಿ ದಾರಿಯಾಗೇ ಸೋರ್ತೈತಿ. ಹೊಗೆ ಪೈಪ್ ಬಿರುಕು ಬಿಟ್ರ ಕೆಂಪಗೆ ಕಾದ ಗಾಳಿ ರೆಕ್ಕೆಯೊಳಗೆ ನುಗ್ತೈತಿ, ಅಲ್ಲೇ ಪೆಟ್ರೋಲ್ ಟ್ಯಾಂಕ್ ಇರ್ತೈತಿ. ಲಾರಿ ಕೆಟ್ರ ರಸ್ತೆ ಬದಿಗೆ ನಿಲ್ಲಿಸಿ ಕಲ್ಲು ಇಡಬಹುದು. ಇಲ್ಲಿ ಬದಿಗೆ ನಿಲ್ಲಿಸೋಕ ಜಾಗ ಇಲ್ಲ.

ಎಚ್‌ಎಎಲ್ ಇದನ್ನು ಮಾಡೋಕ ಆಗಿದ್ದು ಒಂದೇ ಕಾರಣಕ್ಕೆ. ಡಕೋಟಾ, ಕ್ಯಾಟಲಿನಾ ದಿನಗಳಲ್ಲಿ ಈ ಎಂಜಿನ್ನಿನ ಹೊಟ್ಟೆಯೊಳಗೆ ಏನೈತಿ ಅಂತ ಅವರ ಕೈಗೆ ಗೊತ್ತಿತ್ತು. ಡಕೋಟಾ ಇನ್ನೂ ದೇಶದ ತುಂಬ ಹಾರ್ತಿದ್ದರಿಂದ ಹೊಂದಿಕೆಯಾಗೋ ಭಾಗಗಳೂ ಇದ್ದವು. ಬೇರೆ ಎಂಜಿನ್ ಇದ್ದಿದ್ರ ಈ ಕಥಿ ಕಾನ್ಪುರದಲ್ಲೇ ಮುಗೀತಿತ್ತು.

ಭಾಗ 7/8 | ಇಪ್ಪತ್ತು ವರ್ಷ

1948ರ ನವೆಂಬರ್‌ನಲ್ಲಿ ಈ ಲಿಬರೇಟರ್‌ಗಳನ್ನು ಇಟ್ಕೊಂಡು ವಾಯುಪಡೆಯ 5ನೇ ಸ್ಕ್ವಾಡ್ರನ್ ಕಾನ್ಪುರದಲ್ಲಿ ಶುರುವಾಯ್ತು. ಗುಜರಿಯಾಗಿ ಎದ್ದು ಹೋದ ಊರಿಗೇ ಬಾಂಬರ್ ಆಗಿ ವಾಪಸ್! 1951ರಲ್ಲಿ 6ನೇ ಸ್ಕ್ವಾಡ್ರನ್ ಕೂಡ ಇವನ್ನು ಹಾರಿಸೋಕ ಶುರು ಮಾಡಿತು. ಅದರ ಕೆಲಸ ಸಮುದ್ರ ಕಾಯೋದು.

ಸಮುದ್ರ ಕಾಯೋದು ಅಂದ್ರ ವೇಗ ತೋರಿಸೋದಲ್ಲ. ದಂಡಿಯಿಂದ ಬಹಳ ದೂರ, ಕೆಳಗೆ ಬರೀ ನೀರು, ಗಂಟೆಗಟ್ಟಲೆ ಒಂದೇ ಸದ್ದಿನಲ್ಲಿ ಹಾರಬೇಕು. ಇಲ್ಲಿ 1,200 ಎಚ್‌ಪಿ ಅನ್ನೋ ನಂಬರಿಗಿಂತ “ಎಂಜಿನ್ ನಿಲ್ಲಂಗಿಲ್ಲ” ಅನ್ನೋ ಭರವಸೆ ದೊಡ್ಡದು.

5ನೇ ಸ್ಕ್ವಾಡ್ರನ್ 1957ರಲ್ಲಿ ಕ್ಯಾನ್‌ಬೆರಾ ಜೆಟ್‌ಗೆ ಬದಲಾಯಿತು. 6ನೇ ಸ್ಕ್ವಾಡ್ರನ್ನಿನ ಲಿಬರೇಟರ್‌ಗಳು ಮಾತ್ರ 1968ರ ಕೊನೆ ತನಕ ಹಾರಿದವು. ಜಗತ್ತಿನಲ್ಲಿ ಲಿಬರೇಟರ್ ಹಾರಿಸಿದ ಕೊನೇ ವಾಯುಪಡೆ ನಮ್ಮದೇ.

ಅಮೆರಿಕ ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್ ತಯಾರಿಸಿತ್ತು. ಫೋರ್ಡ್ ಕಂಪನಿ ವಿಲೋ ರನ್ ಅನ್ನೋ ಕಡೆ ಕಾರ್ ಮಾಡೋ ರೀತಿಯಲ್ಲೇ ಸಾಲಿಗೆ ಸಾಲು ಇವನ್ನು ಹೊರಗೆ ಬಿಟ್ಟಿತ್ತು. ಯುದ್ಧ ಮುಗಿದ ಮೇಲೆ ಬಹುತೇಕ ಎಲ್ಲವನ್ನೂ ಅಲ್ಯೂಮಿನಿಯಂಗಾಗಿ ಕತ್ತರಿಸಿದರು. ಇಪ್ಪತ್ತು ವರ್ಷ ಕಳೆದು ಮ್ಯೂಸಿಯಂಗಳಿಗೆ ಒಂದು ಲಿಬರೇಟರ್ ಬೇಕಾದಾಗ ಎಲ್ಲಿ ಸಿಗಬೇಕು? ಭಾರತದಲ್ಲಿ.

ಕೆನಡಾದ ಒಟ್ಟಾವಾಕ್ಕೆ ಒಂದು ಹೋಯ್ತು. ಅಮೆರಿಕದ ಪೀಮಾ ಮ್ಯೂಸಿಯಂಗೆ ಒಂದು. ಕಾಲಿಂಗ್ಸ್ ಫೌಂಡೇಶನ್ ಕೊಂಡದ್ದು ಒಂದು, ಅದನ್ನು ಅವರು 1989ರಲ್ಲಿ ಮತ್ತೆ ಹಾರಿಸಿದರು. ದಿಲ್ಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದು ಉಳೀತು.

ಇನ್ನೊಂದು? ಬ್ರಿಟನ್ನಿಗೆ, ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ. ಭಾರತದಲ್ಲಿ ತಮ್ಮ ಲಿಬರೇಟರ್‌ಗಳನ್ನು ಕೆಡಿಸಿ ಹೋದ ಅದೇ ವಾಯುಪಡೆಯ ಮ್ಯೂಸಿಯಂ. ಅವರಿಗೆ ನೆನಪಿಗೆ ಅಂತ ಒಂದು ಬೇಕಾದಾಗ ಅದನ್ನು ಉಳಿಸಿ ಇಟ್ಟಿದ್ದವರು ನಾವು.

ಭಾಗ 8/8 | ಬ್ಯಾಲೆನ್ಸ್ ಶೀಟ್‌ನಾಗ ಇಲ್ಲದ ಸಾಲು

ಬಿಕಾಂ ದೋಸ್ತರೇ, ಈಗ ನಮ್ಮ ಸಬ್ಜೆಕ್ಟಿಗೆ ಬರೋಣ.

ಸವಕಳಿ ಲೆಕ್ಕ ನಮಗೆಲ್ಲ ಬಾಯಿಪಾಠ. ಯಂತ್ರದ ಬೆಲೆ ಬರಿ, ಆಯುಷ್ಯ ಅಂದಾಜು ಮಾಡು, ಗುಜರಿ ಬೆಲೆ ಕಳಿ, ವರ್ಷಕ್ಕೆ ಇಷ್ಟು ಅಂತ ಹಂಚು. ಕಾನ್ಪುರದ ಲಿಬರೇಟರ್‌ಗಳ ಲೆಕ್ಕ ಕೊಟ್ಟಿದ್ರ ನಾವೆಲ್ಲ ಏನು ಬರೀತಿದ್ವಿ? ಉಳಿದ ಆಯುಷ್ಯ ಸೊನ್ನೆ, ಬೆಲೆ ಗುಜರಿ ಬೆಲೆ. ಪರೀಕ್ಷೆಯೊಳಗ ಪೂರ್ತಿ ಮಾರ್ಕ್ಸೂ ಬರ್ತಿತ್ತು. ಆದ್ರ ಆ ಸೊನ್ನೆಯೊಳಗೆ ಇಪ್ಪತ್ತು ವರ್ಷ ಅಡಗಿತ್ತು.

ಹಳೇ ಯಂತ್ರ ತಂದು ಓಡೋ ಸ್ಥಿತಿಗೆ ತರೋಕ ಮಾಡಿದ ಖರ್ಚು ಬಂಡವಾಳ ಖರ್ಚು, ಅದನ್ನು ಆಸ್ತಿಗೆ ಸೇರಿಸಬೇಕು ಅಂತ ಫಸ್ಟ್ ಇಯರ್‌ನಾಗೇ ಓದಿದ್ವಿ. ಸರಿ. ಬೋಲ್ಟ್, ಬೇರಿಂಗ್, ಕೂಲಿ ಎಲ್ಲ ಸೇರಿಸಬಹುದು. ಬೋಲ್ಟ್ ಎಷ್ಟು ಬಿಗೀಬೇಕು ಅಂತ ಗೊತ್ತಿರೋ ಕೈಯನ್ನು ಯಾವ ಖಾತೆಗೆ ಬರೀಬೇಕು? ಬ್ಯಾಲೆನ್ಸ್ ಶೀಟ್‌ನಾಗ ಅದಕ್ಕೆ ಸಾಲೇ ಇಲ್ಲ. ಲೆಕ್ಕಶಾಸ್ತ್ರದ ಮಿತಿ ಅಂತ ಪುಸ್ತಕದಾಗ ಒಂದು ಪಾಯಿಂಟ್ ಬರ್ತೈತಲ್ಲ, ಅದರ ಜೀವಂತ ಉದಾಹರಣೆ ಇದು.

ಇದನ್ನು ನಾನು ಬರೆದಿದ್ದಕ್ಕೆ ಕಾರಣ ಐತಿ. ನಮ್ಮ ಜೊತಿ ಹತ್ತನೇತ್ತ ಓದಿದ ಎಷ್ಟೋ ಹುಡುಗರು ಐಟಿಐ ಮಾಡಿ ಗ್ಯಾರೇಜ್‌ನಾಗ, ಲೇತ್ ಅಂಗಡಿಯಾಗ ಅದಾರ. ಮದುವಿ ಮನಿಯಾಗ ಹಿರಿಯರು “ನೀ ಏನ್ ಮಾಡ್ತಿ?” ಅಂತ ಕೇಳಿದಾಗ ನಾವು “ಬಿಕಾಂ” ಅಂತ ಎದಿ ಉಬ್ಬಿಸಿ ಹೇಳ್ತೀವಿ. ಅವರು “ಫಿಟ್ಟರ್ ರೀ” ಅಂತ ತಲಿ ತಗ್ಗಿಸಿ ಹೇಳ್ತಾರ. 1948ರಲ್ಲಿ ದೇಶಕ್ಕೆ ಬಾಂಬರ್ ಬೇಕಾದಾಗ ಮೊದಲು ಹುಡುಕಿದ್ದು ಅವರಂಥ ಕೈಗಳನ್ನೇ. ಆ ವಿಮಾನಗಳನ್ನು ಹಾರಿಸಿ ತಂದ ಪೈಲಟ್ ಮುನ್ಶಿಯವರ ಹೆಸರು ಪುಸ್ತಕಗಳಲ್ಲಿ ಸಿಗ್ತೈತಿ. ಬೋಲ್ಟ್ ಬಿಗಿದವರ ಹೆಸರು ಸಿಗಂಗಿಲ್ಲ.

ಕೈ ಪಳಗೋಕ ವರ್ಷಗಳು ಬೇಕು. ಆ ಕಾರ್ಖಾನೆಗೆ 1943ರಿಂದ 48ರ ತನಕ ಬೇಕಾಯ್ತು. ಒಂದು ವರ್ಕ್‌ಶಾಪ್ ಮುಚ್ಚಿದ್ರ ಯಂತ್ರಗಳನ್ನು ತೂಕಕ್ಕೆ ಮಾರಬಹುದು, ಕಲಿತ ಕೈಗಳನ್ನು ತಕ್ಕಡಿಗೆ ಹಾಕೋಕ ಬರಂಗಿಲ್ಲ. ಅವು ಸುಮ್ನೆ ಚದುರಿ ಹೋಗ್ತಾವ. ಮುಂದೆ ನಮ್ಮಲ್ಲೇ ಯಾರಾದ್ರೂ ಬ್ಯಾಂಕಿನಾಗ ಕುಂತು ಒಂದು ಸಣ್ಣ ಗ್ಯಾರೇಜಿಗೆ ಸಾಲ ಕೊಡಬೇಕೋ ಬ್ಯಾಡೋ ಅಂತ ತೀರ್ಮಾನ ಮಾಡೋ ದಿನ ಬರ್ತೈತಿ. ಆಗ ಬರೀ ಯಂತ್ರದ ಬೆಲೆ ನೋಡಬ್ಯಾಡ್ರಿ. ಅದನ್ನು ಓಡಿಸೋರು ಯಾರು ಅಂತನೂ ಕೇಳ್ರಿ.

ನಿಮ್ಮೂರಾಗ “ಇದು ಇನ್ನು ಗುಜರಿಗೇ” ಅಂತ ಎಲ್ಲರೂ ಕೈ ಬಿಟ್ಟ ಟ್ರ್ಯಾಕ್ಟರನ್ನೋ ಗಾಡಿಯನ್ನೋ ಮತ್ತೆ ಓಡಿಸಿದ ಮೇಸ್ತ್ರಿ ಇದ್ರ, ಎಂಜಿನ್ ಯಾವುದು, ಏನು ಕೆಟ್ಟಿತ್ತು, ಹೆಂಗ ಸರಿ ಮಾಡಿದರು ಅಂತ ಕಾಮೆಂಟ್‌ನಾಗ ಬರೀರಿ. ಎಚ್‌ಪಿ ಎಷ್ಟು ಅಂತ ಆಮೇಲೆ ಕೇಳ್ತೀನಿ.

#ಮೋಟೆಬೆನ್ನೂರು #ಬ್ಯಾಡಗಿ #ಹಾವೇರಿ #ಎಂಜಿನ್‌ಕಥಿ #ಎಚ್‌ಎಎಲ್ #ಲಿಬರೇಟರ್ #ಬಿಕಾಂಹುಡುಗ್ರು